ನಾಲ್ಕನೆಯ ಕ್ಯಾಸೆಟ್ಟು

ಡೊಂಬಿವಲಿ, 8 ಜನವರಿ 1998, ಗುರುವಾರ

ವಾರದ ರಜೆ. ಥಾಣೆಯಲ್ಲಿ ಸ್ವಲ್ಪ ಕೆಲಸವಿದೆ ಎಂದು ಹೆಂಡತಿ ಉಮಾವತಿಗೆ ಹೇಳಿ ಮನೆಯಿಂದ ಹೊರಟೆ. ಪೂರ್ತಿ ಸುಳ್ಳೇನಲ್ಲ, ಥಾಣೆಯಲ್ಲಿ ಇಳಿದದ್ದು ನಿಜ. ಅಲ್ಲಿ ಅಂಧರಿಗಾಗಿ ನಡೆಸುವ ಒಂದು ಲೈಬ್ರರಿಯಿಂದ ಟೇಪ್ ರೆಕಾರ್ಡರನ್ನೂ ಒಂದಷ್ಟು ಕ್ಯಾಸೆಟ್ಟುಗಳನ್ನೂ ತೆಗೆದುಕೊಂಡು, ಬಸ್ಸು ಹಿಡಿದು ಘಣಸೋಲಿಗೆ ಹೋದೆ. ಸೈದಪ್ಪನ ಖೋಲಿಗೆ, ಒಂದೇ ಕೋಣೆಯ ಮನೆಗೆ.

ಹೋದ ಮಾರ್ಚ್‌ನಲ್ಲಿ ನಮ್ಮ ಪ್ಲಾಂಟಿನಲ್ಲಿ ಪೈಪಿನ ಜಾಯಿಂಟ್ ಬಿಚ್ಚುವಾಗ ಒಳಗಿದ್ದ ಕಾಸ್ಟಿಕ್ ಸೋಡಾ ಸಿಡಿದು ಅವನ ಎರಡೂ ಕಣ್ಣು ಹೋದವು. ಸೇಫ್ಟಿ ಕನ್ನಡಕ ಹಾಕಿರಲಿಲ್ಲ, ನಿಯಮ ಮುರಿದ ಎಂದು ಕಂಪನಿ ಅವನನ್ನು ಕೆಲಸದಿಂದಲೇ ತೆಗೆದುಹಾಕಿತು. ಯೂನಿಯನ್ನಿನವರು ಲೇಬರ್ ಕೋರ್ಟಿಗೆ ಹೋಗಿದ್ದಾರೆ. ಗೆದ್ದರೆ ಅವನ ಮೇಲಿನ ಆರೋಪ ಹೋಗುತ್ತದೆ, ಹೆಂಡತಿಗೆ ಕಂಪನಿಯ ಕ್ಯಾಂಟೀನಿನಲ್ಲಿ ಖಾಯಂ ಕೆಲಸ ಸಿಗುತ್ತದೆ. ಏಪ್ರಿಲ್‌ನಲ್ಲಿ ನನ್ನ ಸಾಕ್ಷಿ. ಆ ದಿನ ಶಿಫ್ಟ್ ಇನ್‌ಚಾರ್ಜ್ ನಾನೇ ಆಗಿದ್ದೆ.

ಪೈಪ್‌ಲೈನ್ ಖಾಲಿಯಾಗಿದೆಯೇ ಎಂದು ಕಣ್ಣಾರೆ ನೋಡಿ, ಬಿಚ್ಚಲು ಅನುಮತಿ ಕೊಡುವ ಪರ್ಮಿಟ್‌ಗೆ ಸಹಿ ಹಾಕಬೇಕಾದವನೂ ನಾನೇ. ಸಹಿ ಹಾಕಿದೆ. ನೋಡಲಿಲ್ಲ. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಬರೆದಿಲ್ಲ. ದಿನಕ್ಕೆ ಹತ್ತು ಪರ್ಮಿಟ್ ಬರುವಾಗ ಯಾವ ಇನ್‌ಚಾರ್ಜ್ ಪ್ರತಿ ಸಲ ಇಳಿದು ಹೋಗಿ ನೋಡುತ್ತಾನೆ? ಎಲ್ಲರೂ ಕ್ಯಾಬಿನ್ನಿನಲ್ಲಿ ಕುಳಿತೇ ಸಹಿ ಹಾಕುವುದು. ಅವನು ಕನ್ನಡಕ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ.

ಖೋಲಿಯಲ್ಲಿ ಸೈದಪ್ಪ ಗೋಡೆಗೆ ಒರಗಿ ಕುಳಿತಿದ್ದ. ನನ್ನ ದನಿ ಕೇಳಿದ್ದೇ ತಡ, ಎದ್ದು ನಿಂತುಬಿಟ್ಟ, ಪ್ಲಾಂಟಿನಲ್ಲಿ ನಿಲ್ಲುತ್ತಿದ್ದ ಹಾಗೆ.

"ರಮಾಕಾಂತ ಸಾಹೇಬ್ರು ಅಲ್ರೀ? ಬರ್ರಿ, ಕುಂದರ್ರಿ. ಹತ್ತ್ ತಿಂಗಳಾತು, ಕಂಪನಿ ಮಂದಿ ಅಂತ ಬಂದವ್ರು ನೀವೊಬ್ರೇ."

ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಅವನಿಗೆ ಕಾಣುವುದಿಲ್ಲ ಎಂಬುದು ಆಮೇಲೆ ನೆನಪಾಯಿತು.

ಕ್ಯಾಸೆಟ್ಟಿನ ವಿಷಯ ವಿವರಿಸಿದೆ. ಓದಲಾಗದವರಿಗೆಂದು ಯಾರೋ ಪುಣ್ಯಾತ್ಮರು ಪುಸ್ತಕಗಳನ್ನು ಗಟ್ಟಿಯಾಗಿ ಓದಿ ತುಂಬಿಸಿಟ್ಟಿದ್ದಾರೆ. ಕನ್ನಡದ್ದು ಒಂದೂ ಇಲ್ಲ, ಎಲ್ಲ ಮರಾಠಿ. ರಾಯಚೂರು ಬಿಟ್ಟು ಹದಿನೆಂಟು ವರ್ಷವಾದರೂ ಸೈದಪ್ಪನದು ಬಜಾರಿನ ಮರಾಠಿ, ಪುಸ್ತಕದ ಭಾಷೆ ತಲೆಗೆ ಹತ್ತುವುದಿಲ್ಲ. "ನಾನು ಸ್ವಲ್ಪ ಸ್ವಲ್ಪ ಕೇಳಿ, ನಿಲ್ಲಿಸಿ, ಕನ್ನಡದಲ್ಲಿ ಹೇಳ್ತೇನೆ ಮಾರಾಯ," ಎಂದೆ. ಅವನ ಹೆಂಡತಿ ಚಂದ್ರಬಾಯಿ ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ವಾಶಿಯ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸು, ಅಕ್ಷರ ಬಾರದು. ಪಾಪ, ಅವಳಿಗೆ ಇದರಲ್ಲೆಲ್ಲ ಏನು ತಿಳಿಯಬೇಕು.

15 ಜನವರಿ

"ನಮ್ಮ ಕಂಪನಿ ಯಾಕ ಮುಳುಗ್ಲಿಕ್ಕತ್ತದ ಅಂಬೋದು ಯಾವ್ದರ ಪುಸ್ತಕದಾಗ ಬರ್ದಾರೇನ್ರಿ?" ಎಂದು ಹೋದ ವಾರ ಕೇಳಿದ್ದ. ಹಾಗಾಗಿ ಒಬ್ಬ ಪ್ರೊಫೆಸರರು ದೇಶದ ಆರ್ಥಿಕ ಸಂಕಟದ ಬಗ್ಗೆ ಬರೆದ ಪುಸ್ತಕವನ್ನೇ ಆರಿಸಿದೆ. ಓದಿದ ಹೆಂಗಸಿನ ದನಿ ತಣ್ಣಗಿದೆ, ಶಾಲೆಯ ಟೀಚರಂತೆ. ಹತ್ತು ನಿಮಿಷ ಕೇಳುವುದು, ಗುಂಡಿ ಒತ್ತಿ ನಿಲ್ಲಿಸುವುದು, ನಾನು ಹೇಳುವುದು. 'ರೋಗಗ್ರಸ್ತ ಉದ್ಯಮ' ಎಂಬ ಮಾತು ಬಂತು. ವಿವರಿಸಿದೆ.

"ಕಾರ್ಖಾನಿಗೂ ಬ್ಯಾನಿ ಬರ್ತದ ಅಂತಾಯ್ತು," ಎಂದು ಸೈದಪ್ಪ ನಕ್ಕ. "ನಮಗ ಜ್ವರ ಬಂದ್ರ ರಜಾ ಕೊಡಾಂಗಿಲ್ಲ. ಅದಕ್ಕ ಜ್ವರ ಬಂದ್ರ ಎಲ್ಲಾರಿಗೂ ರಜಾ ನೋಡ್ರಿ!"

ನನಗೂ ನಗು ಬಂತು. ಬಹಳ ದಿನವಾಗಿತ್ತು. ಪ್ಲಾಂಟಿನಲ್ಲಿ ಅರ್ಧ ರಿಯಾಕ್ಟರ್‌ಗಳು ನಿಂತಿವೆ, ನಗುವಂಥದ್ದು ಅಲ್ಲಿ ಏನೂ ಇಲ್ಲ.

27 ಜನವರಿ

ಮ್ಯಾನೇಜರ್ ಕರೆದಿದ್ದರು. ಈ ಪ್ಲಾಂಟ್ ವರ್ಷಾಂತ್ಯದವರೆಗೆ ಬಂದರೆ ಹೆಚ್ಚು. ಗುಜರಾತಿನ ಹೊಸ ಪ್ಲಾಂಟಿಗೆ ಹತ್ತು ಜನರನ್ನು ಕಳಿಸುವ ಪಟ್ಟಿಯಲ್ಲಿ ನನ್ನ ಹೆಸರಿದೆಯಂತೆ. ಆಮೇಲೆ ಚಹಾ ತರಿಸಿ, ಕೋರ್ಟಿನ ವಿಷಯ ಎತ್ತಿದರು. "ಸುಳ್ಳು ಹೇಳಿ ಅಂತ ನಾನು ಹೇಳುವುದಿಲ್ಲ ರಮಾಕಾಂತ್. ನೆನಪಿಲ್ಲದ್ದನ್ನು ನೆನಪಿಲ್ಲ ಅಂದರೆ ಸಾಕು." ಸಭ್ಯ ಮನುಷ್ಯ. ನನಗೆ ನಲವತ್ತೊಂಬತ್ತು. ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಮಗ ರಂಜನ್ ಹನ್ನೆರಡನೆಯ ಕ್ಲಾಸಿನಲ್ಲಿದ್ದಾನೆ. ಈ ಸಲದ ಪರೀಕ್ಷೆಯ ಬಗ್ಗೆ ಕೇಳಿದರೆ ಹಿಂದಿಯಲ್ಲಿ "ಹೋ ಜಾಯೇಗಾ ಪಪ್ಪಾ" ಎನ್ನುತ್ತಾನೆ.

12 ಫೆಬ್ರವರಿ

ಅರ್ಥಶಾಸ್ತ್ರ ಮುಗಿಯಿತು. ಸೈದಪ್ಪನಿಗೆ ಕೊನೆ ಇಷ್ಟವಾಗಲಿಲ್ಲ. "ಎಲ್ಲಾ ಕಾರಣ ಹೇಳಿದ್ರು ಸಾಹೇಬ್ರ. ಸರ್ಕಾರದ್ದು, ಸಾಲದ್ದು, ಹೊರಗಿನ ಮಾಲಿಂದು. ಆದ್ರ ಇದು ನಾ ಮಾಡಿದ್ದು ಅಂತ ಒಬ್ಬನ ಹೆಸರೂ ಬರ್ಲಿಲ್ಲ ನೋಡ್ರಿ."

ಅಷ್ಟರಲ್ಲಿ ಚಂದ್ರಬಾಯಿ ಮೊದಲ ಬಾರಿ ಬಾಯಿ ತೆರೆದಳು. ನನ್ನೊಡನೆ ಅಲ್ಲ, ಗಂಡನೊಡನೆ. "ಮಂದಿ ಹೆಸರು ಯಾಕ ಬೇಕ್ರಿ ನಿಮಗ? ಆ ಕನ್ನಡಕ ಒಂದು ಹಾಕ್ಕೊಂಡಿದ್ರ ಈ ಗತಿ ಬರ್ತಿದ್ದಿಲ್ಲ."

ಅವನು ತಲೆ ತಗ್ಗಿಸಿದ. ಇದು ದಿನದ ಮಾತೆಂದು ಅವನ ಮುಖ ನೋಡಿಯೇ ತಿಳಿಯಿತು. "ಖರೇ ಅದ. ಆವಿ ಕುಂತು ಏನೂ ಕಾಣ್ತಿದ್ದಿಲ್ರಿ, ಹಣಿ ಮ್ಯಾಲ ಏರ್ಸಿದ್ದೆ. ನನ್ನ ಕೈಲೇ ನನ್ನ ಕಣ್ಣು ಕಳ್ಕೊಂಡೆ."

ಏನಾದರೂ ಹೇಳಬೇಕಿತ್ತು. ಚಹಾ ಚೆನ್ನಾಗಿದೆ ಎಂದೆ.

19 ಫೆಬ್ರವರಿ

ಈ ಸಲ ಕಾದಂಬರಿ. ಐದು ಕ್ಯಾಸೆಟ್ಟು. ಈಗಿನ ಕಾಲದ ಒಬ್ಬ ಇಂಜಿನಿಯರು ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರ ಮಾಡಿ 1857ಕ್ಕೆ ಹೋಗುತ್ತಾನೆ. ಅಲ್ಲಿ ಒಂದು ತಂತಿ ಸಂದೇಶ ತಲುಪದಂತೆ ಕಂಬದ ತಂತಿ ಕತ್ತರಿಸುತ್ತಾನೆ. ಅಷ್ಟಕ್ಕೇ ಇತಿಹಾಸ ಬೇರೆ ದಾರಿ ಹಿಡಿದು ಇಂಗ್ಲಿಷರು ಮರುವರ್ಷವೇ ಗಂಟುಮೂಟೆ ಕಟ್ಟುತ್ತಾರೆ.

ಸೈದಪ್ಪ ಮಗುವಿನಂತೆ ಕೇಳಿದ. ಹಾಗಾದರೆ ರಾಯಚೂರು ಯಾರ ಕೈಗೆ ಹೋಯಿತು, ರೈಲು ಬಂತೋ ಇಲ್ಲವೋ, ಮುಂಬಯಿಯೇ ಇಲ್ಲದಿದ್ದರೆ ನಾವೆಲ್ಲ ದುಡಿಯಲು ಎಲ್ಲಿಗೆ ಹೋಗುತ್ತಿದ್ದೆವು. ಉತ್ತರ ಕ್ಯಾಸೆಟ್ಟಿನಲ್ಲಿ ಇರಲಿಲ್ಲ. ನಾನೇ ಕೈಯಿಂದ ಹಾಕಿ ಹೇಳಿದೆ. ಕಥೆ ಹೇಳುವುದರಲ್ಲಿ ನಾನು ಅಷ್ಟು ಕೆಟ್ಟವನಲ್ಲ ಅನ್ನಿಸಿತು.

ಟೇಪು, ಕ್ಯಾಸೆಟ್ಟು ಅಲ್ಲೇ ಬಿಟ್ಟು ಬಂದೆ. ಪೂರ್ತಿ ತಿಳಿಯದಿದ್ದರೂ, ವಾರವಿಡೀ ಹೊತ್ತು ಕಳೆಯಲು ಅವನಿಗೂ ಏನಾದರೂ ಬೇಕಲ್ಲ.

5 ಮಾರ್ಚ್

"ಆ ಮಷೀನು ನಿಮ್ಮ ಕೈಗೆ ಸಿಕ್ರ ಎಲ್ಲಿಗೆ ಹೋಗ್ತೀರಿ ಸಾಹೇಬ್ರ?"

ಊರಿಗೆ ಎಂದೆ. ಅಪ್ಪ ಬದುಕಿದ್ದ ಕಾಲಕ್ಕೆ ಎಂದೆ. ಅವನು ಎಲ್ಲಿಗೆ ಹೋಗುತ್ತಾನೆಂದು ಕೇಳಲಿಲ್ಲ, ಅವನೇ ಹೇಳಿದ: "ನಾ ದೂರ ಹೋಗಾಂಗಿಲ್ರಿ. ಹೋದ ವರ್ಷದ ಮಾರ್ಚಿಗಿ. ಕನ್ನಡಕ ಕಣ್ಣಿಗೆ ಇಳಿಸಿ ವಾಪಸ್ ಬಂದುಬಿಡ್ತೀನಿ. ಒಂದ್ ಕ್ಷಣದ ಕೆಲಸ."

11 ಮಾರ್ಚ್

ಇಂದಿಗೆ ಒಂದು ವರ್ಷ. ಮೂರು ಗಂಟೆಯ ಚಹಾ ಆಗಷ್ಟೇ ಬಂದಿತ್ತು. ಇಳಿದು ಹೋಗಿ ಬಂದರೆ ಆರಿಹೋಗುತ್ತಿತ್ತು.

26 ಮಾರ್ಚ್

ನಾಲ್ಕನೆಯ ಕ್ಯಾಸೆಟ್ಟು. ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಗೆದ್ದ ಸಂಭ್ರಮದಲ್ಲಿ ಇಂಜಿನಿಯರನನ್ನು ಒಬ್ಬ ಮುದುಕ ಕೇಳುತ್ತಾನೆ: ಇಷ್ಟು ದೂರದಿಂದ ಬಂದು ನಮಗಾಗಿ ಇದನ್ನು ಏಕೆ ಮಾಡಿದೆ? ಆಗ ಅವನು ಬಾಯಿ ಬಿಡುತ್ತಾನೆ. ಅವನ ಕಾಲದಲ್ಲಿ ಇಂಗ್ಲಿಷರು ಕಟ್ಟಿದ ಹಳೆಯ ರೈಲು ಸೇತುವೆಯೊಂದಿತ್ತು. ಅದನ್ನು ಪರೀಕ್ಷಿಸುವ ಕೆಲಸ ಅವನದು. ಒಂದು ವರ್ಷ ಕೆಳಗಿಳಿದು ನೋಡದೆ 'ಸುಸ್ಥಿತಿಯಲ್ಲಿದೆ' ಎಂದು ಸಹಿ ಹಾಕಿದ. ಸೇತುವೆ ಕುಸಿದು ಹನ್ನೊಂದು ಜನ ಸತ್ತರು. ಸೇತುವೆಯನ್ನು ಕಟ್ಟಿದವರೇ ಇಲ್ಲದಿದ್ದರೆ ತನ್ನ ಸಹಿಯೂ ಇರುವುದಿಲ್ಲ ಎಂದು ಅವನು ಇಡೀ ದೇಶದ ಇತಿಹಾಸವನ್ನೇ ತಿರುಚಲು ಹೊರಟಿದ್ದ.

ಟೇಪಿನ ಹೆಂಗಸು ಇದನ್ನೆಲ್ಲ ಅದೇ ತಣ್ಣನೆಯ ದನಿಯಲ್ಲಿ ಓದುತ್ತಿದ್ದಳು. ಗುಂಡಿ ಒತ್ತಿದೆ. ಸೈದಪ್ಪ ಮುಖ ನನ್ನತ್ತ ತಿರುಗಿಸಿ ಕಾಯುತ್ತಿದ್ದ.

"ಪೂಲ್ ಅಂದಂಗಾತಲ್ರಿ? ಏನದು?"

"ಹೌದು, ಸೇತುವೆ. ಸೇತುವೆ ದಾಟಿ ಒಂದೂರಿಗೆ ಹೋಗ್ತಾನೆ. ಅಲ್ಲಿ ಒಬ್ಬ ಮುದುಕ ಸಿಗ್ತಾನೆ. ಯಾಕೆ ಬಂದಿ ಅಂತ ಕೇಳ್ತಾನೆ. ದೇಶದ ಮೇಲಿನ ಪ್ರೀತಿಯಿಂದ ಬಂದೆ ಅಂತ ಇವ ಹೇಳ್ತಾನೆ."

ಮೂಲೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿಟ್ಟು ಮುಗಿದಿರಬೇಕು.

ಸೈದಪ್ಪ ಹೇಳಿದ, "ಅಲ್ರಿ, ಇಷ್ಟ್ ದೂರ ಹೋದವ ದೇಶದ ಸಲುವಾಗಿ ಹೋಗಾಂಗಿಲ್ರಿ. ತನ್ನ ಸಲುವಾಗಿ ಹೋಗಿರ್ತಾನ."

ಕ್ಯಾಸೆಟ್ಟು ಇಷ್ಟೇ ಎಂದು ಹೇಳಿ ಎದ್ದೆ. ಇನ್ನೊಂದು ಬದಿ ಪೂರ್ತಿ ಉಳಿದಿತ್ತು.

2 ಏಪ್ರಿಲ್

ಹೋಗಲಿಲ್ಲ. ತಲೆನೋವು.

9 ಏಪ್ರಿಲ್

ಹೋದೆ. ಐದನೆಯದನ್ನು ಹೇಳಿ ಮುಗಿಸಿದೆ. ಅದರಲ್ಲಿ ಅವನು ತನ್ನ ಕಾಲಕ್ಕೆ ಮರಳಿದರೆ, ಬೇರೆ ಯಾರೋ ಕಟ್ಟಿದ ಅದೇ ಸೇತುವೆ ಅವನ ಸಹಿಯ ಮೇಲೆಯೇ ಕುಸಿದಿರುತ್ತದೆ. ಅವನು ಸತ್ತವರ ಮನೆಮನೆಗೆ ಹೋಗುತ್ತಾನೆ. ನಾನು ಅವನನ್ನು ಸುಖವಾಗಿ ಮನೆ ಸೇರಿಸಿದೆ. "ಛಲೋ ಆಯ್ತು ಬಿಡ್ರಿ," ಎಂದ ಸೈದಪ್ಪ. ಎಂದಿನಂತೆ ಪ್ರಶ್ನೆ ಕೇಳಲಿಲ್ಲ. ಚಂದ್ರಬಾಯಿ ಈ ಸಲ ಚಹಾ ಕೊಡಲಿಲ್ಲ. ಮನೆಯಲ್ಲಿ ಸಕ್ಕರೆ ಇರಲಿಲ್ಲವೋ ಏನೋ. ಹೊರಡುವಾಗ ಸೈದಪ್ಪ ಬಾಗಿಲ ತನಕ ಗೋಡೆ ಸವರಿಕೊಂಡು ಬಂದು, "ಬುಧವಾರ ಕೋರ್ಟಿನ್ಯಾಗ ಸಿಗೋಣ್ರಿ ಸಾಹೇಬ್ರ. ನೀವು ಅದೀರಿ ಅಂತ ಧೈರ್ಯ ಅದ ನಮಗ," ಎಂದ.

15 ಏಪ್ರಿಲ್, ಬುಧವಾರ

ಯೂನಿಯನ್ನಿನ ವಕೀಲರು ಕೇಳಿದರು: ಸಹಿ ಹಾಕುವ ಮೊದಲು ಲೈನ್ ನೋಡಿದ್ದಿರಾ?

ನೆನಪಿಲ್ಲ ಎಂದೆ.

ಹಿಂದಿನ ಬೆಂಚಿನಲ್ಲಿ ಅವರಿಬ್ಬರೂ ಕುಳಿತಿದ್ದರು.

19 ಏಪ್ರಿಲ್

ಅನ್ನದಲ್ಲಿ ಕಲ್ಲು ಸಿಕ್ಕಿತೆಂದು ತಟ್ಟೆ ತಳ್ಳಿದೆ. ರಂಜನ್ ಎದ್ದು ಹೋದ. ಉಮಾವತಿ ಕಲ್ಲನ್ನು ಹುಡುಕಿದಳು, ಸಿಗಲಿಲ್ಲ. "ನಿಮಗೆ ಮರ್ಲು ಹಿಡಿದಿದ್ಯಾ ಹೇಗೆ?" ಎಂದಳು. ಗುಜರಾತಿಗೆ ಹೋಗುವ ಆರ್ಡರ್ ಬಂದಿದೆ, ಖುಷಿಯಾಗಿರಬೇಕಾದವರು ಹೀಗೇಕೆ ಇದ್ದೀರಿ ಎಂದು ಕೇಳಿದಳು. ಖುಷಿಯಾಗಿಯೇ ಇದ್ದೇನೆ ಎಂದೆ.

23 ಏಪ್ರಿಲ್, ಗುರುವಾರ

ಕ್ಯಾಸೆಟ್ಟುಗಳನ್ನು ಲೈಬ್ರರಿಗೆ ಮರಳಿಸಬೇಕಿತ್ತು. ತೆಗೆದುಕೊಂಡು ತಕ್ಷಣ ಬಂದುಬಿಡುವುದೆಂದು ಹೋದೆ.

ಸೈದಪ್ಪ ಎದ್ದು ನಿಲ್ಲಲಿಲ್ಲ. ಕುಳಿತಲ್ಲಿಂದಲೇ ಕೈಮುಗಿದ. ಕೋರ್ಟಿನ ಮಾತು ಎತ್ತಲಿಲ್ಲ. "ಸಾಹೇಬ್ರ, ನಾಲ್ಕನೇ ಕ್ಯಾಸೆಟ್ಟು ಇನ್ನೊಮ್ಮಿ ಹೇಳ್ರಿ. ಸೇತುವಿ ಬರ್ತದಲ್ರಿ, ಅದು," ಎಂದ.

ನಾನು ಮತ್ತೆ ಅದೇ ದೇಶಪ್ರೀತಿಯ ಕಥೆ ಶುರು ಮಾಡಿದೆ. ಎರಡು ಮಾತು ಆಗಿರಬೇಕು.

"ಹಂಗಿಲ್ರಿ ಅದು," ಎಂದಳು ಚಂದ್ರಬಾಯಿ.

ಒಲೆಯ ಮುಂದಿನಿಂದ ಎದ್ದು ಬಂದು, ಕೈಯ ಹಿಟ್ಟು ಒರೆಸಿಕೊಂಡು, ನನ್ನೆದುರು ಕುಳಿತು, ಆ ಭಾಗವನ್ನು ಮೊದಲಿಂದ ಕೊನೆಯವರೆಗೆ ಕನ್ನಡದಲ್ಲಿ ಹೇಳಿದಳು. ಇಂಜಿನಿಯರ್, ಸೇತುವೆ, ಇಳಿದು ನೋಡದೆ ಹಾಕಿದ ಸಹಿ, ಹನ್ನೊಂದು ಜನ. ಐದನೆಯ ಕ್ಯಾಸೆಟ್ಟಿನಲ್ಲಿ ಅವನು ತಟ್ಟಿದ ಹನ್ನೊಂದು ಬಾಗಿಲು. ಒಂದು ವಿವರ ಕೂಡ ತಪ್ಪಲಿಲ್ಲ. ನನಗಿಂತ ಚೆನ್ನಾಗಿ ಹೇಳಿದಳು.

"ವಾಶಿಯೊಳಗ ಒಬ್ಬ ಪ್ರೊಫೆಸರ್ ಬಾಯಿ ಮನ್ಯಾಗ ಹದಿನಾಲ್ಕು ವರ್ಷ ಮಾಡೀನ್ರಿ. ಅವರ ಅತ್ತಿ ಹಾಸಿಗಿ ಹಿಡಿದಿದ್ರು. ದಿನಾ ಮಧ್ಯಾಹ್ನ ಬಾಯಿ ಅವರಿಗೆ ಮರಾಠಿ ಪುಸ್ತಕ ಓದಿ ಹೇಳೋರು. ನಾ ಕಾಲು ಒತ್ತತಾ ಕೇಳೀನಿ. ನನಗ ಓದಾಕ ಬರಾಂಗಿಲ್ಲ, ತಿಳಿತದ."

ಹಾಗಾದರೆ ಮೊದಲ ದಿನದಿಂದಲೂ ತಿಳಿಯುತ್ತಿತ್ತು. ಹಾಗಾದರೆ ನಾನು ಬರುವ ಅಗತ್ಯವೇ ಇರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದೆನೋ ಏನೋ, ಸೈದಪ್ಪನೇ ಉತ್ತರ ಕೊಟ್ಟ.

"ಆಕಿ ಹೇಳ್ತೀನಿ ಅಂದಿದ್ಲು. ನಾ ಬ್ಯಾಡ ಅಂದೆ. ಸಾಹೇಬ್ರು ರಜಾ ದಿನ ಬಿಟ್ಟು ಬರ್ತಾರ, ಬರ್ಲಿ. ಕುಂತು ಮಾತಾಡೋ ಮಂದಿ ಯಾರ್ ಅದಾರ್ರಿ ನಂಗ?"

ಚಂದ್ರಬಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. "ನೀವು ಏನು ಬಿಟ್ರಿ ಅಂಬೋದು ನಮಗ ಗೊತ್ತದ. ಯಾಕ ಬಿಟ್ರಿ ಅಂಬೋದು ಗೊತ್ತಿಲ್ಲ. ಕೋರ್ಟಿನ್ಯಾಗ ಹೇಳ್ತೀರಿ ಅಂತ ಇವ್ರು ಅಂದ್ರು. ಅದಕ್ಕ ಕಾದ್ವಿ."

ನಾನು ಎದ್ದು ಹೊರಗೆ ಬಂದೆ. ಚಪ್ಪಲಿ ಹಾಕಿಕೊಂಡದ್ದು ನೆನಪಿದೆ. ಕ್ಯಾಸೆಟ್ಟುಗಳು ಅಲ್ಲೇ ಉಳಿದವು. ಒಂದು ಮಾತೂ ಆಡದೆ ಬಂದೆ. ಹೇಡಿ ಎಂದು ನನ್ನನ್ನು ನಾನೇ ಕರೆದುಕೊಂಡರೂ ಏನೂ ಬದಲಾಗುವುದಿಲ್ಲ, ಆದರೂ ಬರೆದಿಡುತ್ತೇನೆ. ಹೇಡಿ.

27 ಏಪ್ರಿಲ್

ಮೂರು ದಿನ ರಜೆ ಹಾಕಿ ಮನೆಯಲ್ಲೇ ಬಿದ್ದುಕೊಂಡಿದ್ದೆ. ಇಂದು ಬೆಳಿಗ್ಗೆ ಉಮಾವತಿಗೆ ಎಲ್ಲ ಹೇಳಿದೆ. ಚಹಾದ ವಿಷಯವನ್ನೂ. ಬೈಯುತ್ತಾಳೆ, ರಂಜನ್ನನ ಹೆಸರು ಎತ್ತುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಅಳತೊಡಗಿದಳು.

"ಒಂದು ವರ್ಷ ಆಯ್ತು, ನಿಮ್ಮ ಹತ್ರ ಒಂದು ಮಾತಾಡ್ಲಿಕ್ಕೆ ಹೆದರಿಕೆ ಆಗ್ತಿತ್ತು. ನಾನು ಎಂತ ತಪ್ಪು ಮಾಡಿದೆ ಅಂತ ದಿನಾ ಲೆಕ್ಕ ಹಾಕ್ತಿದ್ದೆ. ಇದಾ?"

ನನ್ನ ತಪ್ಪನ್ನು ಎಷ್ಟು ಜನರ ತಲೆಯ ಮೇಲೆ ಹೊರಿಸಿದ್ದೆನೋ.

29 ಏಪ್ರಿಲ್

ಯೂನಿಯನ್ನಿನ ಗುರುನಾಥನನ್ನು ಕರೆದುಕೊಂಡು ವಕೀಲರ ಹತ್ತಿರ ಹೋದೆ. ನಡೆದದ್ದನ್ನು ಒಂದು ಪುಟದಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಸಾಕ್ಷಿ ಮುಗಿದಿದೆ, ಮತ್ತೆ ಕರೆಸಲು ಅರ್ಜಿ ಹಾಕಬೇಕು, ಕೋರ್ಟು ಒಪ್ಪಬಹುದು, ಒಪ್ಪದೆಯೂ ಇರಬಹುದು ಎಂದರು. ಇದನ್ನು ಮೊದಲೇ ಹೇಳಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ಅರ್ಧಕ್ಕೆ ಬಿಟ್ಟರು. ಗುರುನಾಥ ಹೊರಗೆ ಬಂದ ಮೇಲೆ ನನ್ನೊಡನೆ ಮಾತಾಡಲಿಲ್ಲ. ಅವನ ತಪ್ಪಲ್ಲ.

ಗುಜರಾತಿನ ಆರ್ಡರನ್ನು ಕಂಪನಿಯವರು ವಾಪಸು ತೆಗೆದುಕೊಳ್ಳುತ್ತಾರೆ. ಇರುವ ಕೆಲಸವೂ ಹೋಗುತ್ತದೆ. ಭಯವಾಗುತ್ತಿದೆ. ಆದರೂ ಮಧ್ಯಾಹ್ನ ಎರಡು ತಟ್ಟೆ ಊಟ ಮಾಡಿದೆ.

3 ಮೇ, ಭಾನುವಾರ

ಘಣಸೋಲಿಗೆ ಹೋದೆ. ಬಾಗಿಲಲ್ಲೇ ನಿಂತು, "ಒಳಗೆ ಬರಬಹುದಾ?" ಎಂದು ಕೇಳಿದೆ. ಸೈದಪ್ಪನವರು "ಬರ್ರಿ" ಅಂದರು.

ಕುಳಿತುಕೊಳ್ಳಲಿಲ್ಲ. ನಿಂತುಕೊಂಡೇ ಹೇಳಿದೆ. ಹೆಲ್ಪರ್ ಹುಡುಗ ಪರ್ಮಿಟ್ ತಂದುಕೊಟ್ಟದ್ದು, ಚಹಾ ಮುಂದಿಟ್ಟುಕೊಂಡಿದ್ದು, ಕೂತಲ್ಲೇ ಸಹಿ ಹಾಕಿ 'ಹೋಗು, ಬಿಚ್ಚಲಿಕ್ಕೆ ಹೇಳು' ಎಂದದ್ದು, ಆಮೇಲೆ ವಿಚಾರಣೆಯಲ್ಲಿ ಸುಮ್ಮನಿದ್ದದ್ದು, ಕೋರ್ಟಿನಲ್ಲಿ ನೆನಪಿಲ್ಲ ಎಂದದ್ದು. ನೆನಪಿಲ್ಲದ ದಿನ ಒಂದೂ ಇಲ್ಲ ಎಂದೆ. ವಕೀಲರಿಗೆ ಬರೆದುಕೊಟ್ಟದ್ದನ್ನೂ ಹೇಳಿದೆ. ನಿಮ್ಮಿಬ್ಬರ ಕ್ಷಮೆ ಕೇಳಬೇಕು ಎಂದು ಒಂದು ವಾರದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಅದನ್ನು ಶುರು ಮಾಡುವಷ್ಟರಲ್ಲಿ ಸೈದಪ್ಪನವರು ಕೈ ಎತ್ತಿ ತಡೆದರು.

"ಒಂದೇ ಮಾತು ಕೇಳ್ತೀನ್ರಿ ಸಾಹೇಬ್ರ. ನೀವು ಇಳಿದು ಬಂದು ನೋಡಿದ್ರ, ಲೈನಿನ್ಯಾಗ ಮಾಲು ಅದ ಅಂಬೋದು ತಿಳೀತಿತ್ತೇನ್ರಿ?"

"ತಿಳೀತಿತ್ತು. ಕೆಳಗಿನ ಡ್ರೈನ್ ವಾಲ್ವ್ ತಿರುಗಿಸಿದ್ರೆ ಗೊತ್ತಾಗ್ತಿತ್ತು. ಎರಡು ನಿಮಿಷದ ಕೆಲಸ. ಜಾಯಿಂಟ್ ಬಿಚ್ಚಲಿಕ್ಕೇ ಬಿಡ್ತಿರಲಿಲ್ಲ ನಾನು."

"ಮತ್ತ ಕನ್ನಡಕ?"

"ಬಿಚ್ಚದೇ ಇದ್ರೆ ಕನ್ನಡಕದ ಮಾತೇ ಬರ್ತಿರಲಿಲ್ಲ. ನಿಮ್ಮ ತಪ್ಪಲ್ಲ ಅದು. ಯಾವತ್ತೂ ಆಗಿರಲಿಲ್ಲ."

ಸಿಟ್ಟಾಗಲಿ, ಎದ್ದು ಕೊರಳಪಟ್ಟಿ ಹಿಡಿಯಲಿ ಎಂದು ಕಾದೆ. ಅವರು ಕೈ ಚಾಚಿ ಗಾಳಿಯಲ್ಲಿ ತಡಕಾಡಿದರು, ನನಗಾಗಿ ಅಲ್ಲ.

"ಚಂದ್ರೀ, ಕೇಳಿದೇನ? ನಂದಲ್ಲಂತ. ನನ್ನ ಕೈಲೆ ನಾ ಕಳಕೊಂಡಿಲ್ಲಂತ."

ಚಂದ್ರಬಾಯಿಯವರು ಬಂದು ಆ ಕೈ ಹಿಡಿದರು. "ಒಂದ್ ವರ್ಷ ದಿನಾ ನಿಮಗ ಬೈದ್ನೆಲ್ರಿ," ಎಂದು ಸೆರಗಿನಿಂದ ಗಂಡನ ಮುಖ ಒರೆಸತೊಡಗಿದರು. "ಎದ್ದಾಗ ಬೈದೆ, ಉಣ್ಣಾಗ ಬೈದೆ. ಕಣ್ಣಿಲ್ಲದವ್ರಿಗೆ ಬೈದೆ." ಇಬ್ಬರೂ ಗೋಡೆಗೆ ಒರಗಿ ಕುಳಿತು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು.

ಹೋಗಿ ಎಂದು ಯಾರೂ ಹೇಳಲಿಲ್ಲ, ಕುಳಿತುಕೊಳ್ಳಿ ಎಂದೂ ಹೇಳಲಿಲ್ಲ. ಬಹಳ ಹೊತ್ತು ಬಾಗಿಲ ಬಳಿ ನಿಂತಿದ್ದೆ. ಜೋಡಿಸಿಟ್ಟುಕೊಂಡು ಹೋಗಿದ್ದ ಕ್ಷಮೆಯ ಮಾತು ನನ್ನ ಬಾಯಲ್ಲೇ ಉಳಿಯಿತು. ಅದನ್ನು ಕೇಳಿಸಿಕೊಳ್ಳುವ ಪುರಸೊತ್ತು ಅವರಿಬ್ಬರಿಗೂ ಇರಲಿಲ್ಲ.